ಮೃತರಿಗೂ ಅರ್ಜಿದಾರರಿಗೂ ಇರುವ ಸಂಬಂಧ

ಫೆಬ್ರವರಿ ೧೮

ಅಕ್ಕ,

ಈ ಕಾಗದ ಓದುವ ಮೊದಲೇ ನೀನು ಇದರ ತಲೆಯ ಮೇಲೆ ಸೀಲು ಹೊಡೆದಿರುತ್ತೀಯ ಎಂದು ಗೊತ್ತು. ಸ್ವೀಕರಿಸಿದೆ, ತಾರೀಖು, ಕ್ರಮಸಂಖ್ಯೆ. ಒಡಹುಟ್ಟಿದವನ ಕಾಗದಕ್ಕೂ ಸೀಲು ಹೊಡೆದು ಫೈಲು ಮಾಡುವ ಅಕ್ಕ ಲೋಕದಲ್ಲಿ ನನಗೊಬ್ಬನಿಗೇ ಇರುವುದು. ಇವಳಂತೂ ನಿನ್ನನ್ನು ಸೀಲಕ್ಕ ಎಂದೇ ಕರೆಯುತ್ತಾಳೆ. ಬೇಜಾರು ಮಾಡಿಕೊಳ್ಳಬೇಡ. ಫೋನು ಮಾಡೋಣವೆಂದರೆ ಮರದ ಮಿಲ್ಲಿನ ಹತ್ತು ವರ್ಷ ನನ್ನ ಕಿವಿ ತಿಂದುಹಾಕಿದೆ. ಎದುರಿಗಿದ್ದವರ ತುಟಿ ನೋಡಿದರೆ ಮಾತು ತಿಳಿಯುತ್ತದೆ, ಫೋನಿನಲ್ಲಿ ಏನೂ ತಿಳಿಯುವುದಿಲ್ಲ.

ಮನೆ ಸಿಕ್ಕಿದೆ ಅಕ್ಕ. ಕೆಳಗೆ ಅಂಗಡಿ, ಮೇಲೆ ಮನೆ, ಹಿಂದೆ ಸ್ವಲ್ಪ ಅಂಗಳ. ನನ್ನ ಅಂಗಡಿಯನ್ನು ಮೂರನೇ ಸಲ ಖಾಲಿ ಮಾಡಿಸುತ್ತಿದ್ದಾರೆ, ನಿನಗೆ ಗೊತ್ತಲ್ಲ. ಊರಿನವರ ಫೋಟೋಗಳಿಗೆಲ್ಲ ಚೌಕಟ್ಟು ಹಾಕಿ ಕೊಡುವ ನಾನು ನನ್ನ ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೆ ಮಾಲೀಕನ ಅಪ್ಪಣೆ ಕೇಳಬೇಕು. ಐವತ್ತು ದಾಟಿತು, ಇನ್ನು ಸಾಕು.

ಮಾರುವವರು ರಿಟೈರಾದ ಮೇಷ್ಟ್ರು. ಮೆತ್ತಗಿನ ಮನುಷ್ಯ, ಮಾತಿಗೊಮ್ಮೆ ಕನ್ನಡಕ ಒರೆಸುತ್ತಾರೆ. ಅಪ್ಪನಿಂದ ಬಂದ ಮನೆಯಂತೆ. ಇದ್ದ ಒಬ್ಬ ಅಕ್ಕ ಮಕ್ಕಳಿಲ್ಲದೆ ತೀರಿಕೊಂಡಿದ್ದಾರೆ. ಮುಂಗಡ ಕೊಟ್ಟಾಯಿತು. ಬೈಯಬೇಡ, ಇನ್ನೊಬ್ಬರು ಕಾದು ಕೂತಿದ್ದರು. ನಮ್ಮೂರಿನ ಹಳೆಯ ದಾಖಲೆಗಳೆಲ್ಲ ನೀನು ದಿನಾ ಕೂರುವ ದಾಖಲೆ ಕಚೇರಿಯ ನೆಲಮಾಳಿಗೆಯಲ್ಲೇ ಇವೆಯಂತಲ್ಲ. ನೀನೇ ನೋಡಿಬಿಡು. ಬೇರೆಯವರು ನೋಡಿದರೆ ನನಗೆ ನಿದ್ದೆ ಬರುವುದಿಲ್ಲ.

ನಿನ್ನ ಮೊಂಡ

&nbsp;

ಮಾರ್ಚ್ ೨

ಮೊಂಡ,

ನಿನ್ನ ಹದಿನೆಂಟನೇ ತಾರೀಖಿನ ಕಾಗದ ಇಪ್ಪತ್ತನಾಲ್ಕಕ್ಕೆ ಬಂತು. ಕ್ರಮಸಂಖ್ಯೆ ೬೧. ಹೌದು, ಸೀಲು ಹೊಡೆದೆ. ಇಪ್ಪತ್ತೇಳು ವರ್ಷದ ಅಭ್ಯಾಸ, ನಿನ್ನ ಹೆಂಡತಿ ನಕ್ಕರೆ ಬಿಡುವಂಥದ್ದಲ್ಲ.

ಮೊದಲು ಮುಂಗಡ, ಆಮೇಲೆ ಅಕ್ಕ. ಸದ್ಯ, ಮನೆ ಹೊಕ್ಕ ಮೇಲೆ ಕೇಳಲಿಲ್ಲವಲ್ಲ. ಸ್ವಂತದವರ ಕಾಗದವನ್ನು ನಾವು ನೋಡಬಾರದೆಂದು ನಿಯಮವಿದೆ. ನನಗೆ ಕೆಲಸ ಕೊಡುವ ವಿಮೆ ಕಂಪನಿಯವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಇದು ನನಗೆ ಹಿಡಿಸಿಲ್ಲ. ಆದರೂ ನೋಡುತ್ತೇನೆ.

ನೀನು ಯಾವತ್ತೂ ನನ್ನ ಕೆಲಸ ಏನೆಂದು ಕೇಳಿದವನಲ್ಲ, ಈಗ ಕೇಳಿಸಿಕೋ. ಒಂದು ಮನೆಯ ಬೆನ್ನು ಹಿಡಿದು ಮೂವತ್ತು ವರ್ಷ ಹಿಂದಕ್ಕೆ ಹೋಗುವುದು ನನ್ನ ಕೆಲಸ. ಮೇಷ್ಟ್ರಿಗೆ ಯಾರಿಂದ ಬಂತು, ಅವರಿಗೆ ಯಾರಿಂದ ಬಂತು, ನಡುವೆ ಯಾರಾದರೂ ಅದನ್ನು ಅಡ ಇಟ್ಟಿದ್ದಾರೆಯೇ, ಪಾಲು ಇದ್ದವರು ಯಾರಾದರೂ ಬಿಟ್ಟುಹೋಗಿದ್ದಾರೆಯೇ. ಕೊಂಡಿಗೆ ಕೊಂಡಿ ಕೂಡಿದರೆ ವರದಿಗೆ ಸಹಿ ಹಾಕುತ್ತೇನೆ. ಆ ಸಹಿ ನೋಡಿ ಕಂಪನಿ ನಿನ್ನ ಹಕ್ಕಿಗೆ ವಿಮೆ ಕೊಡುತ್ತದೆ.

ಬೇರೆ ವಿಮೆಗಳೆಲ್ಲ ನಾಳೆ ಏನಾದರೂ ಆದರೆ ಎಂದು ಮಾಡಿಸುವುದು. ಈ ವಿಮೆ ನಿನ್ನೆ ಆಗಿಹೋದದ್ದಕ್ಕೆ. ನೀನು ಕೊಳ್ಳುವ ಮೊದಲೇ ಯಾರೋ ಸುಳ್ಳು ಸಹಿ ಹಾಕಿದ್ದರೆ, ಯಾರದೋ ಪಾಲು ಮುಚ್ಚಿಟ್ಟಿದ್ದರೆ, ಅದು ಮುಂದೆ ಎದ್ದು ಬಂದ ದಿನ ಕಂಪನಿ ನಿನ್ನ ಪರವಾಗಿ ವಕೀಲರನ್ನಿಡುತ್ತದೆ. ಮನೆ ಹೋದರೆ ಕೊಟ್ಟ ಹಣ ತುಂಬಿಕೊಡುತ್ತದೆ. ಆದರೆ ಪಾಲಿಸಿಯ ತಾರೀಖಿಗೆ ಮುಂಚೆಯೇ ನಿನಗೆ ಗೊತ್ತಿದ್ದು, ಕಂಪನಿಗೆ ಹೇಳದೆ ಬಾಯಿ ಮುಚ್ಚಿಕೊಂಡ ದೋಷಕ್ಕೆ ಚಿಕ್ಕಾಸೂ ಕೊಡುವುದಿಲ್ಲ. ಈ ಸಾಲನ್ನು ಇನ್ನೊಂದು ಸಲ ಓದು.

ಕಾಗದ ನಾನು ನೋಡುತ್ತೇನೆ, ಮನೆ ನೀನು ನೋಡು. ಅಲ್ಲಿ ಯಾರು ಬಂದು ಹೋಗುತ್ತಾರೆ, ಬೀಗದಕೈ ಯಾರ ಹತ್ತಿರ ಇದೆ, ಎಲ್ಲ ನೋಡಿ ನನಗೆ ಬರೆ. ಮನೆಯಲ್ಲಿ ಕಾಣುವುದು ನನ್ನ ಪುಸ್ತಕಗಳಲ್ಲಿ ಕಾಣುವುದಿಲ್ಲ.

ಅಕ್ಕ

&nbsp;

ಮಾರ್ಚ್ ೧೨

ಅಕ್ಕ,

ಅಪ್ಪಣೆಯ ಪ್ರಕಾರ ಮನೆ ನೋಡಿಬಂದೆ. ಗೋಡೆ ಗಟ್ಟಿ. ಮಾಡು ಒಂದು ಕಡೆ ಸೋರುತ್ತದೆ, ಅದು ನನ್ನ ಕೈಯಲ್ಲೇ ಆಗುವ ಕೆಲಸ. ಅಂಗಡಿಗೆ ಬೀದಿಯ ಕಡೆಯಿಂದ ಬೆಳಗಿನ ಬಿಸಿಲು ಬೀಳುತ್ತದೆ. ಗಾಜು ಕೊಯ್ಯಲು ಅದಕ್ಕಿಂತ ಬೇರೆ ಬೆಳಕು ಬೇಡ.

ಅಡುಗೆಮನೆಯ ಬಾಗಿಲಿನ ಚೌಕಟ್ಟು ನೋಡಿ ಅಲ್ಲೇ ನಿಂತುಬಿಟ್ಟೆ. ಹಳೆಯ ಮರ, ಒಂದು ಗಂಟಿಲ್ಲ. ಅದರ ಮೇಲೆ ಪೆನ್ಸಿಲಿನಲ್ಲಿ ಮಕ್ಕಳ ಎತ್ತರದ ಗೆರೆಗಳಿವೆ. ಎಡಕ್ಕೆ 'ಪುಟ್ಟ', ಬಲಕ್ಕೆ 'ಅಕ್ಕ', ವರ್ಷಕ್ಕೊಂದು ಗೆರೆ. ಪುಟ್ಟ ಎಂದರೆ ನಮ್ಮ ಮೇಷ್ಟ್ರೇ. ನಮ್ಮಪ್ಪನೂ ನಮ್ಮಿಬ್ಬರನ್ನು ಹೀಗೇ ನಿಲ್ಲಿಸುತ್ತಿದ್ದುದು, ನೀನು ಹಿಮ್ಮಡಿ ಎತ್ತಿ ಮೋಸ ಮಾಡುತ್ತಿದ್ದುದು ನೆನಪಾಯಿತು.

ಯಾರು ಬಂದು ಹೋಗುತ್ತಾರೆ ಎಂದು ಕೇಳಿದ್ದೆಯಲ್ಲ. ಒಬ್ಬರು ಬರುತ್ತಾರೆ. ಅರವತ್ತರ ಮೇಲಿನ ಹೆಂಗಸು, ಕೈಯಲ್ಲಿ ನೀಲಿ ನೀರಿನ ಡಬ್ಬಿ. ತಮ್ಮದೇ ಬೀಗದಕೈಯಿಂದ ಗೇಟು ತೆಗೆದು ಬಂದು ಅಂಗಳದ ಗಿಡಗಳಿಗೆ ನೀರು ಹಾಕಿದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾರಪ್ಪಾ ನೀನು? ಯಾರನ್ನ ಕೇಳಿ ಒಳಗೆ ಬಂದೆ?" ಎಂದರು. ಮನೆ ಕೊಳ್ಳುತ್ತಿದ್ದೇನೆ ಎಂದೆ. "ಇದ್ರಲ್ಲಿ ನಂದೂ ಇದೆ. ನಾನು ಮಾರಿಲ್ಲ" ಎಂದರು. ಕೋಪವೇನೂ ಇರಲಿಲ್ಲ. ಬಸ್ಸಿನಲ್ಲಿ ಇದು ನನ್ನ ಸೀಟು ಎನ್ನುತ್ತಾರಲ್ಲ, ಅಷ್ಟೇ.

ಮೇಷ್ಟ್ರನ್ನು ಕೇಳಿದೆ. ಕನ್ನಡಕ ಒರೆಸಿಕೊಂಡು, "ಪಕ್ಕದ ಬೀದಿಯೋರು. ಗಂಡ ಹೋದ್ಮೇಲೆ ತಲೆ ಒಂಚೂರು ಸರಿ ಇಲ್ಲ. ನಮ್ಮಕ್ಕನ ಗೆಳತಿ ಅಂತ ಗಿಡ ನೋಡ್ಕೊಳ್ಳೋಕೆ ಬಿಟ್ಟಿದೀನಿ" ಎಂದರು. ಪಾಪ ಎನಿಸಿತು. ಗಿಡದಮ್ಮ ಎಂದು ಹೆಸರಿಟ್ಟಿದ್ದೇನೆ. ಅವರು ಬೇಕಾದರೆ ಬಂದು ನೀರು ಹಾಕಿಕೊಳ್ಳಲಿ, ನನಗೂ ಒಂದು ಕೆಲಸ ತಪ್ಪಿತು.

ಬೇಗ ನೋಡು ಅಕ್ಕ. ಈ ತಿಂಗಳ ಕೊನೆಗೆ ಅಂಗಡಿ ಬಿಡಬೇಕು.

ಮೊಂಡ

&nbsp;

ಮಾರ್ಚ್ ೨೨

ತಮ್ಮನಿಗೆ,

ನಿನ್ನ ಕಾಗದ ಹದಿನೇಳಕ್ಕೆ ಬಂತು. ಕ್ರಮಸಂಖ್ಯೆ ೬೨.

ಕೊಂಡಿಗಳೆಲ್ಲ ಕೂಡಿವೆ. ಅಡ ಇಲ್ಲ, ತಕರಾರು ಇಲ್ಲ. ಮೇಷ್ಟ್ರ ಅಕ್ಕ ತೀರಿಕೊಂಡದ್ದು ಹದಿನಾಲ್ಕು ವರ್ಷದ ಹಿಂದೆ ದಾಖಲಾಗಿದೆ. ಮರಣ ಪ್ರಮಾಣಪತ್ರ ಜೊತೆಗಿದೆ, ಅದರ ಮೇಲೆ ಕಚೇರಿಯ ಸೀಲಿದೆ. ಸೀಲಿದ್ದ ಕಾಗದವನ್ನು ನಾವು ಪ್ರಶ್ನಿಸುವುದಿಲ್ಲ. ವರದಿಗೆ ಸಹಿ ಹಾಕಿ ಕಳಿಸಿದ್ದೇನೆ.

ಪಾಲಿಸಿ ನಿನ್ನ ಕೈಗೆ ಬರುವವರೆಗೆ ಆ ಮನೆಯ ಬಗ್ಗೆ ನನಗೆ ಏನೂ ಬರೆಯಬೇಡ. ಗಿಡದ ವಿಷಯ ಬೇಡ, ಬಾಗಿಲಿನ ವಿಷಯವೂ ಬೇಡ. ಯಾರು ಏನು ಹೇಳಿದರು ಎಂಬುದಂತೂ ಬೇಡವೇ ಬೇಡ.

ನಿನಗೆ ಆ ಮನೆಯೇ ಆಗಬೇಕಾ?

ಅಕ್ಕ

&nbsp;

ಏಪ್ರಿಲ್ ೧೦

ಅಕ್ಕ,

ನಿನ್ನ ಕಾಗದ ಓದಿ ಒಂದು ವಾರ ಮನಸ್ಸೇ ಸರಿಯಿರಲಿಲ್ಲ. ನೀನೇ ಬರೆ ಎಂದೆ, ಬರೆದರೆ ಬರೆಯಬೇಡ ಎಂದೆ. "ನಿಮ್ಮಕ್ಕಂಗೆ ಸಂಕಟ ಕಣ್ರೀ. ಅವ್ರಿನ್ನೂ ಬಾಡಿಗೆ ಮನೇಲಿದಾರಲ್ಲ" ಎಂದಳು ಇವಳು. ಬೈದೆ. ಆದರೆ ಆ ಮಾತು ತಲೆಯಿಂದ ಹೋಗಲಿಲ್ಲ, ಅದನ್ನೂ ಬರೆದುಬಿಡುತ್ತೇನೆ. 'ಆ ಮನೆಯೇ ಆಗಬೇಕಾ' ಎಂದು ಕೇಳಲು ನಿನಗೆ ಹೇಗೆ ಮನಸ್ಸು ಬಂತು?

ಹೌದು, ಇದೇ ಆಗಬೇಕಿತ್ತು, ಆಯಿತು. ನೋಂದಣಿ ಮುಗಿದು, ಪಾಲಿಸಿಯೂ ಬಂತು. ಏಪ್ರಿಲ್ ಆರರ ತಾರೀಖು. ಅದಕ್ಕೂ ಚೌಕಟ್ಟು ಹಾಕಿ ಅಂಗಡಿಯಲ್ಲಿ ತೂಗುಹಾಕಿದ್ದೇನೆ. ಮೊಳೆ ಹೊಡೆಯುವಾಗ ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

ಗೇಟಿನ ಬೀಗ ಬದಲಾಯಿಸಿದೆ. ಗಿಡದಮ್ಮ ಬಂದು ತಮ್ಮ ಬೀಗದಕೈ ಹಾಕಿ ನೋಡಿದರು. ತಿರುಗಲಿಲ್ಲ. ಡಬ್ಬಿಯನ್ನು ಗೇಟಿನ ಮುಂದೆ ಇಟ್ಟು, ಮೇಲೆ ಕಿಟಕಿಯಲ್ಲಿದ್ದ ನನ್ನನ್ನು ಸ್ವಲ್ಪ ಹೊತ್ತು ನೋಡಿ ಹೊರಟುಹೋದರು. ಕರೆದು ಒಳಗೆ ಬಿಡಬಹುದಿತ್ತು. ಯಾಕೋ ಬಿಡಲಿಲ್ಲ.

ಮೊಂಡ

&nbsp;

ಜೂನ್ ೧

ಅಕ್ಕ,

ಮಾರ್ಚಿನಿಂದ ನಿನ್ನದೊಂದು ಸಾಲಿಲ್ಲ. ನಾನು ಬರೆದದ್ದಕ್ಕೆ ಸಿಟ್ಟಾಗಿದ್ದರೆ ಇದೊಂದು ಸಲ ಆ ಸಿಟ್ಟು ಬದಿಗಿಡು.

ಬೀಗ ಹಾಕಿದ ಮೇಲೂ ಅಂಗಳದ ಗಿಡಗಳ ಬುಡ ದಿನಾ ಒದ್ದೆಯಾಗಿರುತ್ತಿತ್ತು. ನೀನು ಹಾಕಿದೆಯಾ ಎಂದು ನಾನು ಇವಳನ್ನು ಕೇಳುವುದು, ನೀವು ಹಾಕಿದಿರಾ ಎಂದು ಇವಳು ನನ್ನನ್ನು ಕೇಳುವುದು. ನೀಲಿ ಡಬ್ಬಿ ಒಂದು ದಿನ ಮೆಟ್ಟಿಲ ಹತ್ತಿರ, ಇನ್ನೊಂದು ದಿನ ತೊಟ್ಟಿಯ ಹತ್ತಿರ. ಇವಳು ಒಬ್ಬಳೇ ಹಿಂದಕ್ಕೆ ಹೋಗುವುದನ್ನೇ ಬಿಟ್ಟಳು. ಕೊನೆಗೆ ಹಿಂದಿನ ಗೋಡೆಯ ಬಳ್ಳಿ ಸರಿಸಿ ನೋಡಿದೆ. ಅಲ್ಲೊಂದು ಚಿಕ್ಕ ಬಾಗಿಲಿದೆ ಅಕ್ಕ. ಮನೆಯ ಇಂಚಿಂಚನ್ನೂ ಅಳೆದವನು ನಾನು, ಅದೊಂದನ್ನು ಕಂಡಿರಲಿಲ್ಲ. ಅದರ ಚಿಲಕಕ್ಕೆ ಯಾರೋ ಹೊಸದಾಗಿ ಎಣ್ಣೆ ಹಾಕಿದ್ದಾರೆ.

ಅದನ್ನೂ ಮುಚ್ಚಿ ಹಲಗೆ ಬಡಿದೆ. ನಾಲ್ಕನೇ ದಿನಕ್ಕೆ ವಕೀಲರ ನೋಟೀಸು ಬಂತು. ಮನೆಯಲ್ಲಿ ಅರ್ಧ ತಮ್ಮದು, ತಾವು ಎಲ್ಲೂ ಸಹಿ ಹಾಕಿಲ್ಲ, ಮಾರಾಟ ಒಪ್ಪುವುದಿಲ್ಲ ಎಂದು. ಕಳಿಸಿದವರ ಹೆಸರು ಮೇಷ್ಟ್ರ ಅಕ್ಕನದು. ನೀನು ಹದಿನಾಲ್ಕು ವರ್ಷದ ಹಿಂದೆ ತೀರಿಕೊಂಡಿದ್ದಾರೆ ಎಂದು ಬರೆದೆಯಲ್ಲ, ಅವರದು. ಮನೆ ಮಾರಿದ ಮೇಲೆ ಮೇಷ್ಟ್ರು ಹಿಡಿದಿದ್ದ ಬಾಡಿಗೆ ಮನೆಗೆ ಓಡಿದೆ. ಖಾಲಿ. ಗೋಡೆಯ ಮೇಲೆ ಕ್ಯಾಲೆಂಡರಿದ್ದ ಜಾಗ ಮಾತ್ರ ಬೆಳ್ಳಗಿತ್ತು.

ವಿಮೆ ಕಂಪನಿಗೆ ಬರೆದೆ. ಒಬ್ಬ ಅಧಿಕಾರಿ ಬಂದು ಅಂಗಡಿಯಲ್ಲಿ ಕೂತು ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದ. "ಪಾಲಿಸಿಗೆ ಮುಂಚೆ ಇವರು ಯಾವತ್ತಾದ್ರೂ ತಮ್ಮ ಹಕ್ಕಿನ ವಿಷಯ ನಿಮ್ಮ ಹತ್ರ ಹೇಳಿದ್ರಾ?" ಇಲ್ಲ ಎಂದೆ. ಮೂರು ಸಲವೂ ಇಲ್ಲ ಎಂದೆ. ಬರೆಸಿಕೊಂಡು ಸಹಿ ಹಾಕಿಸಿದ.

ಮಾರ್ಚ್ ಹನ್ನೆರಡರ ನನ್ನ ಕಾಗದ ಸುಟ್ಟುಬಿಡು ಅಕ್ಕ. ಅದೊಂದು ಕಾಗದ ಇಲ್ಲದಿದ್ದರೆ ನಾನು ಬದುಕಿದೆ. ಈ ಕಾಗದವನ್ನೂ ಸುಡು. ದಯವಿಟ್ಟು ಸೀಲು ಹೊಡೆಯಬೇಡ.

ನಿನ್ನ ತಮ್ಮ

&nbsp;

ಜೂನ್ ೧೧

ಅಕ್ಕ,

ನಿನ್ನ ಉತ್ತರ ಬರುವಷ್ಟು ದಿನ ಕಾಯಲಾಗಲಿಲ್ಲ.

ಅಧಿಕಾರಿ ಮುಂದಿನ ವಾರ ಮತ್ತೆ ಬರುತ್ತಾನಂತೆ, ಮನೆಯ ಫೋಟೋ ತೆಗೆಯಲು. ನಿನಗೊಂದು ಮಾತು ಹೇಳಿರಲಿಲ್ಲ. ಮಾರ್ಚಿನಲ್ಲಿ ಆಯಮ್ಮ ಡಬ್ಬಿ ತುಂಬಿಸಲು ಅಡುಗೆಮನೆಗೆ ಬಂದು, ಆ ಬಾಗಿಲಿಗೆ ಒರಗಿ ನಿಂತು ಬೆವರು ಒರೆಸಿಕೊಂಡಿದ್ದರು. ನನ್ನ ಕಣ್ಣಿನ ಅಳತೆ ನಿನಗೆ ಗೊತ್ತಲ್ಲ, ಟೇಪು ಹಿಡಿಯದೆ ಗಾಜು ಕೊಯ್ಯುವವನು ನಾನು. ಅವರ ನೆತ್ತಿ ಬಲಗಡೆಯ ಕೊನೆಯ ಗೆರೆಗೆ ಸರಿಯಾಗಿ ಬಂದಿತ್ತು. ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ನೋಡಿದೆ, ತಿಳಿಯಿತು, ತಿಳಿಯದವನ ಹಾಗೆ ಬಂದೆ. ಮುಂಗಡ ಕೊಟ್ಟಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಆ ಬೆಳಗಿನ ಬಿಸಿಲು ನನ್ನ ಮೇಜಿನ ಮೇಲೆ ಬಿದ್ದ ಹಾಗೆ ಆಗಲೇ ಮನಸ್ಸಿನಲ್ಲಿ ಕಂಡಾಗಿತ್ತು.

ಆ ಬಾಗಿಲಿನ ಚೌಕಟ್ಟು ಕಿತ್ತು ಹೊಸ ಮರ ಹಾಕಿದೆ. ಹಳೆಯದನ್ನು ಒಲೆಗೆ ಹಾಕಲು ಕೈ ಬರಲಿಲ್ಲ, ಅಂಥ ಮರ ಇನ್ನು ಸಿಗುವುದಿಲ್ಲ. ಕೊಯ್ದು ಫೋಟೋ ಚೌಕಟ್ಟು ಮಾಡಿದೆ. ನಮ್ಮಿಬ್ಬರ ಚಿಕ್ಕಂದಿನ ಫೋಟೋ ಹಾಕಿ ನಿನಗೊಂದು ಬೇರೆ ಪಾರ್ಸೆಲಿನಲ್ಲಿ ಕಳಿಸಿದ್ದೇನೆ. ಗೋಡೆಗೆ ಹಾಕಿಕೋ. ಗೆರೆ ಇರುವ ಬದಿಯನ್ನು ಹಿಂದಕ್ಕೆ ತಿರುಗಿಸಿದ್ದೇನೆ, ಕಾಣುವುದಿಲ್ಲ.

ಸುಟ್ಟೆ ಎಂದು ಒಂದೇ ಸಾಲು ಬರೆ.

ಮೊಂಡ

&nbsp;

ಜೂನ್ ೧೨

ಮೊಂಡ,

ನಿನ್ನ ಒಂದನೇ ತಾರೀಖಿನ ಕಾಗದ ಏಳಕ್ಕೆ ಬಂತು. ಅದನ್ನು ಚೀಲದಲ್ಲಿಟ್ಟುಕೊಂಡು ಐದು ದಿನ ಓಡಾಡಿದೆ. ಸೀಲು ಹೊಡೆಯಲಿಲ್ಲ. ಇಪ್ಪತ್ತೇಳು ವರ್ಷದಲ್ಲಿ ಸೀಲಿಲ್ಲದೆ ಇಟ್ಟುಕೊಂಡ ಕಾಗದ ಅದೊಂದೇ.

ಇವತ್ತು ಬೆಳಿಗ್ಗೆ ನೆಲಮಾಳಿಗೆಯ ಓದುವ ಮೇಜಿನಲ್ಲಿ ಕೂತಿದ್ದೆ. ಕೌಂಟರಿನ ಗುಮಾಸ್ತ ಒಬ್ಬ ವಯಸ್ಸಾದ ಹೆಂಗಸನ್ನು ನನ್ನ ಕಡೆಗೆ ಕಳಿಸಿದ. "ಅಲ್ಲಿ ಕೂತಿದಾರಲ್ಲ ಮೇಡಂ, ಅವ್ರ ಹತ್ರ ಅರ್ಜಿ ಬರೆಸ್ಕೊಳ್ಳಿ." ಕನ್ನಡಕ ಊರಲ್ಲೇ ಬಿಟ್ಟುಬಂದಿದ್ದರಂತೆ. ರಾತ್ರಿಯೆಲ್ಲ ರೈಲಿನಲ್ಲಿ ಕೂತು ಬಂದ ಸೀರೆ, ಮಡಿಕೆಗಳು ಹಾಗೇ ಇದ್ದವು. ಮರಣ ಪ್ರಮಾಣಪತ್ರದ ನಕಲು ಬೇಕೆಂದರು. ಫಾರಂ ತೆಗೆದುಕೊಂಡು ಕೇಳುತ್ತ ಹೋದೆ. ಮೃತರ ಹೆಸರು. ಹೇಳಿದರು. ಮೇಷ್ಟ್ರ ಅಕ್ಕನ ಹೆಸರು. ಬರೆದುಕೊಂಡೆ. ಕೆಳಗಿನ ಸಾಲು, ಮೃತರಿಗೂ ಅರ್ಜಿದಾರರಿಗೂ ಇರುವ ಸಂಬಂಧ.

"ನಾನೇ ಕಣಮ್ಮ" ಎಂದರು.

ಗುಮಾಸ್ತ ನಕ್ಕ. ಅವರೂ ನಕ್ಕರು. "ನಗಬೇಡಪ್ಪಾ. ನಮ್ಮ ಪುಟ್ಟನೇ ಬರೆಸಿದ್ದಂತೆ. ಅಪ್ಪನ ಮನೇಲಿ ಪಾಲು ಕೊಡು ಅಂತ ನಾನು ಒಂದಿನ ಬಾಯಿಬಿಟ್ಟು ಕೇಳಿದವಳಲ್ಲ. ನೀರು ಹಾಕಿ ಬರ್ತಿದ್ದೆ, ಅಷ್ಟೇ. ಯಾವ ಕಾಯಿಲೆ ಅಂತ ಬರೆಸಿದಾನೆ ನೋಡ್ಬೇಕು ಅನ್ನಿಸ್ತು, ಬಂದೆ." ಆ ಸಂಪುಟ ಎಲ್ಲಿದೆ ಎಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ತಂದು ಓದಿ ಹೇಳಿದೆ, ಹೃದಯಾಘಾತ. ಆ ಸಾಲಿನ ಮೇಲೆ ಒಮ್ಮೆ ಬೆರಳಾಡಿಸಿದರು. ಆಮೇಲೆ, "ಹೋಗ್ಲಿ ಬಿಡು, ನರಳಿಸಲಿಲ್ಲ" ಎಂದರು.

ನಾನು ಯಾರೆಂದು ಅವರಿಗೆ ಗೊತ್ತಿಲ್ಲ. ನಿನ್ನ ವಿಷಯವನ್ನೂ ಹೇಳಿದರು. "ಮನೆ ತಗೊಂಡೋನು ಕೆಟ್ಟವನಲ್ಲ. ಕಿಟಕೀಲಿ ನಿಂತು ನನ್ನ ನೋಡ್ತಿದ್ದ, ಮುಖ ಸಣ್ಣದಾಗಿತ್ತು. ಅವನಿಗೆ ಗೊತ್ತು."

ಈಗ ನನ್ನದು. ಮಾರ್ಚಿನಲ್ಲಿ ನಿನ್ನ ಕಾಗದ ಬಂದ ಮೇಲೆ ಮನಸ್ಸು ತಡೆಯಲಿಲ್ಲ. ಸುಮ್ಮನೆ ಪಕ್ಕದ ಮನೆಯವರ ಕ್ರಯಪತ್ರ ತೆಗೆದು ನೋಡಿದೆ, ಹನ್ನೆರಡು ವರ್ಷದ ಹಿಂದಿನದು. ಅದಕ್ಕೆ ಸಾಕ್ಷಿಯಾಗಿ ಸಹಿ ಹಾಕಿದವರು ಇವರು. ಸತ್ತು ಎರಡು ವರ್ಷವಾದ ಮೇಲೆ. ಸಾಕ್ಷಿಗಳ ಹೆಸರು ಸೂಚಿಯಲ್ಲಿರುವುದಿಲ್ಲ, ಯಾವ ಶೋಧಕರೂ ಅದನ್ನು ನೋಡಬೇಕಾಗಿಲ್ಲ. ನೋಡಬೇಕಾಗಿಲ್ಲದ್ದನ್ನು ನೋಡಿಲ್ಲ ಎಂದುಕೊಂಡು ಸಂಪುಟ ಮುಚ್ಚಿ, ವರದಿಗೆ ಸಹಿ ಹಾಕಿದೆ. ನಿನಗೆ ಬರೆದರೆ ನಿನಗೆ ಗೊತ್ತಾಗುತ್ತದೆ, ಗೊತ್ತಾದರೆ ವಿಮೆ ಹೋಗುತ್ತದೆ. ಅದಕ್ಕೇ ಬರೆಯಬೇಡ ಎಂದದ್ದು. ಮನೆ ನಿನ್ನದಾಗಲಿ ಎಂದು ಆಸೆಪಟ್ಟೆ ಕಣೋ, ಹೊಟ್ಟೆಕಿಚ್ಚುಪಡಲಿಲ್ಲ. ನಾಚಿಕೆಯಿಂದ ಎರಡೂವರೆ ತಿಂಗಳು ನಿನಗೆ ಬರೆಯಲಾಗಲಿಲ್ಲ.

ಅವರು ಹೊರಡುವಾಗ ಅದೇ ಕ್ರಯಪತ್ರದ ನಕಲಿಗೂ ಅರ್ಜಿ ಬರೆದುಕೊಟ್ಟೆ. ಸಂಪುಟದ ಸಂಖ್ಯೆ, ಪುಟದ ಸಂಖ್ಯೆ ಎಲ್ಲ ಹಾಕಿ. ಅವರು ಕೇಳಿರಲಿಲ್ಲ, ನಾನೇ ಬರೆದೆ. ಬದುಕಿದ್ದೇನೆ ಎಂದು ತೋರಿಸಲು ಅವರಿಗೆ ಅದು ಸಾಕು.

ಮಾರ್ಚ್ ಹನ್ನೆರಡರ ನಿನ್ನ ಕಾಗದ ನನ್ನ ಮುಂದಿದೆ. ಬೆಂಕಿಪೆಟ್ಟಿಗೆಯೂ ಇದೆ. ಸುಟ್ಟರೆ ನನ್ನ ಪುಸ್ತಕದಲ್ಲಿ ೬೧ ಆದ ಮೇಲೆ ೬೩ ಇರುತ್ತದೆ. ಕಂಪನಿಯವರು ನನ್ನ ಫೈಲು ಕೇಳಿದ್ದಾರೆ, ಖರೀದಿದಾರ ನನ್ನ ತಮ್ಮ ಎಂದು ಅವರಿಗೆ ತಿಳಿದಿದೆ. ಇಲ್ಲದ ಸಂಖ್ಯೆಯನ್ನು ಹುಡುಕುವುದನ್ನು ಅಲ್ಲಿನ ಹುಡುಗಿಯರಿಗೆ ಕಲಿಸಿದವಳೇ ನಾನು.

ಏನು ಮಾಡಲಿ ಎಂದು ಇನ್ನೂ ತಿಳಿಯುತ್ತಿಲ್ಲ.

ಅಕ್ಕ

&nbsp;

ಜೂನ್ ೧೯

ಮೊಂಡ,

ನಿನ್ನ ಹನ್ನೊಂದರ ಕಾಗದ ಮತ್ತು ಪಾರ್ಸೆಲು ಇವತ್ತು ಒಟ್ಟಿಗೆ ಬಂದವು.

ಚೌಕಟ್ಟು ಚೆನ್ನಾಗಿದೆ. ನಿನ್ನ ಕೈಯಲ್ಲಿ ಇಷ್ಟು ಒಳ್ಳೆಯ ಮೂಲೆ ಬಿದ್ದದ್ದು ನಾನು ನೋಡಿರಲಿಲ್ಲ. ಫೋಟೋದಲ್ಲಿ ನಾನು ಹಿಮ್ಮಡಿ ಎತ್ತಿಕೊಂಡು ನಿಂತಿದ್ದೇನೆ, ನೀನು ನನ್ನ ಲಂಗ ಹಿಡಿದುಕೊಂಡಿದ್ದೀಯ. ಹಿಂದೆ ತಿರುಗಿಸಿ ನೋಡಿದೆ. ಪೆನ್ಸಿಲಿನ ಗೆರೆ, ಅದರ ಪಕ್ಕ 'ಅಕ್ಕ' ಎಂದು ಯಾರೋ ದೊಡ್ಡವರ ಅಕ್ಷರ. ಕೆಳಗೆ ಇಸವಿ. ಅದನ್ನು ನೋಡಿ ತುಂಬ ಅತ್ತೆ.

ಅದನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಒಬ್ಬ ತಮ್ಮ ತನ್ನ ಅಕ್ಕ ಸತ್ತಳೆಂದು ಬರೆಸಿದ. ಇನ್ನೊಬ್ಬ ಅವಳ ಗುರುತು ಕೊಯ್ದು ತನ್ನ ಅಕ್ಕನಿಗೆ ಉಡುಗೊರೆ ಕಳಿಸಿದ. ನಿನ್ನ ಮೇಲೆ ಸಿಟ್ಟಿಲ್ಲ. ನನಗೆ ಭಯವಾಯಿತು. ಆ ಅಕ್ಕನೂ ಮೇಷ್ಟ್ರನ್ನು ಪುಟ್ಟ ಎಂದೇ ಕರೆಯುವುದು ಕಣೋ, ಇವತ್ತಿಗೂ.

ಬೆಂಕಿಪೆಟ್ಟಿಗೆ ಒಳಗಿಟ್ಟೆ. ನಿನ್ನ ಜೂನ್ ಒಂದರ ಕಾಗದಕ್ಕೆ ಸೀಲು ಹೊಡೆದೆ, ಕ್ರಮಸಂಖ್ಯೆ ೬೪. ಇವತ್ತಿನದಕ್ಕೆ ೬೫. ಸೋಮವಾರ ಕಂಪನಿಯವರು ಫೈಲಿಗೆ ಬರುತ್ತಾರೆ. ನನ್ನ ವರದಿ ಸುಳ್ಳೆಂದು ನಾನೇ ಒಂದು ಹಾಳೆ ಬರೆದು ಎಲ್ಲಕ್ಕಿಂತ ಮೇಲೆ ಇಟ್ಟಿದ್ದೇನೆ. ನಿನಗೆ ಅವರು ಏನೂ ಕೊಡುವುದಿಲ್ಲ. ನನ್ನ ಕೆಲಸ ಹೋಗುತ್ತದೆ. ಮನೆಯಲ್ಲಿ ಅರ್ಧ ಮೇಷ್ಟ್ರ ಅಕ್ಕನದು. ಉಳಿದರ್ಧ ನಿನಗೆ ಉಳಿಯುತ್ತದೋ ಇಲ್ಲವೋ ಕೋರ್ಟು ಹೇಳಬೇಕು. ಅದಕ್ಕೆ ವರ್ಷಗಳು ಹಿಡಿಯುತ್ತವೆ. ಅಷ್ಟರಲ್ಲಿ ಗೇಟಿನ ಬೀಗ ತೆಗೆದಿಡು, ಗಿಡ ಒಣಗುತ್ತಿರಬಹುದು.

ನನ್ನ ಮನೆಯ ಹಿಂದಿನ ಕೋಣೆ ಖಾಲಿ ಮಾಡಿಸಿದ್ದೇನೆ. ಬಾಗಿಲು ಅಗಲಕ್ಕೆ ಮೂರಡಿ, ನಿನ್ನ ಮೇಜು ಅಡ್ಡ ಮಾಡಿದರೆ ಒಳಗೆ ಬರುತ್ತದೆ. ಬೆಳಕು ಮಧ್ಯಾಹ್ನದ ಮೇಲೆ ಮಾತ್ರ. ಗೋಡೆಗೆ ಮೊಳೆ ಹೊಡೆಯಲು ಮಾಲೀಕರನ್ನು ಕೇಳಿ ಒಪ್ಪಿಸಿದ್ದೇನೆ.

ಚೌಕಟ್ಟನ್ನು ಗೋಡೆಗೆ ಹಾಕಲಿಲ್ಲ. ಫೋಟೋ ಬಿಚ್ಚಿ ತೆಗೆದಿಟ್ಟುಕೊಂಡು, ಗೆರೆಗೆ ತಾಗದ ಹಾಗೆ ಮರದ ಹಿಂಬದಿಗೆ ಸೀಲು ಹೊಡೆದೆ. ಸ್ವೀಕರಿಸಿದೆ, ಜೂನ್ ೧೯, ಕ್ರಮಸಂಖ್ಯೆ ೬೬. ಅದು ಫೈಲಿನ ಜೊತೆ ಹೋಗುತ್ತದೆ.

ಅಕ್ಕ